ಪಕ್ಕದ ಓಣಿಯವರಿಗೆ ಮಾತ್ರ ಬರುವ ಕಾಯಿಲೆ

ಮನಸ್ಸಿನ ಕಾಯಿಲೆಗಳ ಬಗ್ಗೆ ಜನರಿಗೆ ತಿಳಿವಳಿಕೆ ಕೊಡುವುದು ನನ್ನ ಕೆಲಸ. ರಾಯಚೂರಿನಲ್ಲಿ ಬಸ್ಸು ಹತ್ತಿ ಊರೂರು ತಿರುಗುತ್ತೇನೆ. ಜನರಿಗೆ ಎಷ್ಟು ತಿಳಿಯಿತೋ ದೇವರೇ ಬಲ್ಲ, ನನಗಂತೂ ಹೋದಲ್ಲೆಲ್ಲ ಒಂದೊಂದು ಪಾಠ ಆಗುತ್ತಲೇ ಇದೆ.

ಬ್ಯಾನರು

ರಾಯಚೂರಿನ ಒಂದು ಬಡಾವಣೆಯಲ್ಲಿ ‘ಉಚಿತ ಮಾನಸಿಕ ಆರೋಗ್ಯ ಶಿಬಿರ’ ಎಂದು ಬ್ಯಾನರು ಕಟ್ಟಿ ನಮ್ಮ ತಂಡದ ಡಾಕ್ಟರೂ ನಾನೂ ಮಧ್ಯಾಹ್ನದವರೆಗೆ ಕೂತೆವು. ಬಂದವರು ಒಬ್ಬರೇ. ಅವರೂ ಯಾರದೋ ಮನೆಗೆ ದಾರಿ ಕೇಳಿಕೊಂಡು ಹೋದರು. ಎದುರಿನ ಚಹಾದಂಗಡಿಯವನಿಗೆ ನಮ್ಮನ್ನು ನೋಡಿ ಕನಿಕರ ಹುಟ್ಟಿತು.

‘ಆ ಬ್ಯಾನರ್ ಕೆಳಗ ಯಾರ್ ಬರ್ತಾರ್ರೀ ಮೇಡಂ? ನಾಳಿ ಹೆಣ್ಣು ಕೊಡೋರು ನೋಡಿದ್ರ ಏನಂದಾರು? ಬಿಪಿ ಚೆಕ್ ಮಾಡ್ತೀವಿ ಅಂತ ಹಾಕ್ರಿ.’

ಹಾಕಿದೆವು. ಸಾಲು ರಸ್ತೆಗೆ ಬಂತು. ಬಿಪಿ ನೋಡುತ್ತಾ ಮಾತಿಗೆಳೆಯೋಣ ಎಂದುಕೊಂಡು ಮೊದಲ ಹೆಂಗಸಿಗೆ, ‘ಬಿಪಿ ಸರಿಯಾಗೇ ಇದೆಯಮ್ಮಾ’ ಎಂದೆ. ಆಕೆಗೆ ಸಿಟ್ಟು ಬಂತು.

‘ಹ್ಯಾಂಗ ಸರಿ ಇರ್ತದ್ರೀ? ನಮ್ಮ ಮನಿಯವರನ್ನ ನೀವಿನ್ನೂ ನೋಡಿಲ್ಲ. ಇನ್ನೊಮ್ಮೆ ಚೆಕ್ ಮಾಡ್ರಿ.’

ಎರಡು ಓಣಿ

ದೇವದುರ್ಗದ ಒಂದು ಓಣಿಯ ಹೆಂಗಸರನ್ನು ಕೂಡಿಸಿ, ‘ಸುಮ್ಮಸುಮ್ಮನೆ ಅಳು ಬರುವವರು, ಯಾವುದೂ ಬೇಡ ಅನ್ನಿಸುವವರು ಇಲ್ಲಿ ಇದ್ದಾರೆಯೇ?’ ಎಂದು ಕೇಳಿದೆ.

‘ನಮ್ಮಲ್ಲಿ ಅಂಥಾವ್ರು ಯಾರೂ ಇಲ್ಲ ಬಿಡ್ರಿ. ಆಚಿ ಓಣ್ಯಾಗ ಭಾಳ ಮಂದಿ ಅದಾರ’ ಎಂದರು.

ಆಚೆ ಓಣಿಗೆ ಹೋದೆ. ಅವರು ಅಷ್ಟೇ ಮರುಕದಿಂದ ಈಚೆ ಓಣಿಯ ಕಡೆ ಕೈ ತೋರಿಸಿದರು. ಎರಡು ಓಣಿಗಳ ನಡುವೆ ಇರುವುದು ಒಂದು ಚರಂಡಿ. ಕಾಯಿಲೆಯೆಲ್ಲ ಅದರಲ್ಲೇ ಇರಬೇಕು ಎಂದು ಡಾಕ್ಟರಿಗೆ ಹೇಳಿದೆ.

‘ಹಾಗಾದರೆ ಗುಳಿಗೆ ಅಲ್ಲೇ ಸುರಿದು ಬನ್ನಿ’ ಎಂದರು ಡಾಕ್ಟರು.

ಮೊಣಕಾಲು ನೋವು

ಮಾನ್ವಿ ತಾಲ್ಲೂಕಿನ ಹಿರೇಕೊಟ್ನೆಕಲ್‌ನಲ್ಲಿ ಶಿಬಿರ. ಹಿಂದಿನ ದಿನ ಆ ಊರಿನ ಹೆಣ್ಣುಮಗಳೊಬ್ಬಳು ಫೋನು ಮಾಡಿದಳು. ಆಕೆಯ ಗಂಡ ರೈಸ್ ಮಿಲ್ಲಿನಲ್ಲಿ ಮಷೀನು ನೋಡಿಕೊಳ್ಳುವವನು. ತನ್ನ ತಮ್ಮ ತೀರಿಕೊಂಡಾಗಿನಿಂದ ಊಟ, ಮಾತು ಎಲ್ಲ ಬಿಟ್ಟಿದ್ದ.

‘ಮಷೀನ್ ಮುಂದ ನಿಂತಲ್ಲೇ ತೂಕಡಿಸ್ತಾರಂತ್ರೀ. ಬೆಲ್ಟಿನ್ಯಾಗ ಕೈ ಸಿಕ್ರ ಏನ್ ಗತಿ? ನಿಮ್ಮಲ್ಲಿಗೆ ಬರ್ರಿ ಅಂದ್ರ ಬರಂಗಿಲ್ಲ. ನನಗ ಮೊಣಕಾಲು ನೋವು ಅಂತ ಸುಳ್ಳು ಹೇಳಿ ಕರ್ಕೊಂಡು ಬರ್ತೀನಿ. ಅವರಿಗೆ ಹೇಳಬ್ಯಾಡ್ರಿ.’

ಆಗಲಿ ಎಂದೆ. ಸಂಜೆ ಆ ಗಂಡನೇ ಫೋನು ಮಾಡಿದ.

‘ನನ್ನ ತಮ್ಮ ಹೋದಾಗಿಂದ ನಮ್ಮಾಕಿ ಒಲಿ ಮುಂದ ಸುಮ್ಮನ ಕುಂತುಬಿಡ್ತಾಳ್ರೀ. ಹಾಲು ಉಕ್ಕಿ ಹರದ್ರೂ ಖಬರ್ ಇರಂಗಿಲ್ಲ. ನನಗ ಮೊಣಕಾಲು ನೋವು ಅಂತ ಹೇಳಿ ಕರ್ಕೊಂಡು ಬರ್ತೀನಿ. ಆಕಿಗೆ ಹೇಳಬ್ಯಾಡ್ರಿ.’

ಅದಕ್ಕೂ ಆಗಲಿ ಎಂದೆ. ಬೇರೆ ಏನು ಹೇಳಲಿ?

ಮರುದಿನ ಇಬ್ಬರೂ ಕುಂಟುತ್ತಾ ಬಂದರು. ಹಿಂದೆ ಗಂಡನ ಮುದಿ ತಾಯಿ ನೆಟ್ಟಗೆ ನಡೆದು ಬಂದಳು. ಗಂಡ ಅತ್ತ ತಿರುಗಿದಾಗ ಹೆಂಡತಿ ನನಗೆ ಕಣ್ಣು ಮಿಟುಕಿಸುವಳು, ಹೆಂಡತಿ ತಿರುಗಿದಾಗ ಗಂಡ. ಏನೂ ತಿಳಿಯದ ಡಾಕ್ಟರು ಶ್ರದ್ಧೆಯಿಂದ ನಾಲ್ಕೂ ಮೊಣಕಾಲು ಒತ್ತಿ ನೋಡಿದರು.

ನನಗೆ ತಡೆಯಲಾಗಲಿಲ್ಲ. ‘ಮೊಣಕಾಲು ಇರಲಿ. ರಾತ್ರಿ ನಿದ್ದೆ ಬರುತ್ತದೆಯೇ?’ ಎಂದೆ.

‘ಅವರಿಗೇನ್ರಿ, ರಾತ್ರಿಯೆಲ್ಲ ಗೊರಕಿ ಹೊಡೀತಾರ. ಹಗಲೂ ತೂಕಡಿಸೋದು ಯಾಕಂತ ಕೇಳ್ರಿ’ ಎಂದಳು ಹೆಂಡತಿ.

‘ಗೊರಕಿ ಹೊಡಿಯಾಕಿ ನೀನು!’ ಎಂದ ಗಂಡ ದನಿ ತಗ್ಗಿಸಿದ. ‘ನಾ ಎಚ್ಚರದಾಗ ಇರ್ತೀನಿ. ನಿನಗ ಚಿಂತಿ ಆಗಬಾರದಂತ ಸುಮ್ಮನ ಗೊರಕಿ ಹೊಡೀತೀನಿ.’

ಹೆಂಡತಿ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ‘ನಾನೂ ಅಷ್ಟ ರೀ.’

ನನ್ನ ಕಣ್ಣು ತುಂಬಿ ಬಂತು. ಡಾಕ್ಟರು ಪೆನ್ನು ಕೆಳಗಿಟ್ಟರು. ಅಷ್ಟರಲ್ಲಿ ಮುದುಕಿ ಎದ್ದು ನಿಂತಳು.

‘ಇಬ್ರೂ ಸುಳ್ಳು ಗೊರಕಿ ಹೊಡ್ದೀರೇನು? ನಾ ಸಣ್ಣ ಮಗನ್ನ ನೆನಸಿ ಅತ್ತು ಅತ್ತು ಒಂದೀಟು ಕಣ್ಣು ಮುಚ್ಚಿದ್ರ, ಗ್ವಾಡಿ ಆಚಿಂದ ಎರಡೂ ಸುರು ಆಗ್ತಿದ್ವು! ಡಾಕ್ಟ್ರೇ, ಮೊದಲ ನನಗ ಗುಳಿಗಿ ಕೊಡ್ರಿ. ಇವರಿಗೆ ಕೊಟ್ರ ಖರೇ ಗೊರಕಿ ಸುರು ಆಗ್ತಾವ.’