ಸೊರಬದತ್ತೆ ನಮ್ಮ ನಾಯಿಗೆ ಹೆಸರಿಟ್ಟಿದ್ದು

ಸೃಷ್ಟಿಯ ಹೊತ್ತಿನಲ್ಲಿ ನಮ್ಮ ಸೊರಬದತ್ತೆ ಹತ್ತಿರದಲ್ಲೆಲ್ಲಾದರೂ ಇದ್ದಿದ್ದರೆ ಸೂರ್ಯಚಂದ್ರರಿಗೆ ಇವತ್ತು ಬೇರೆಯೇ ಹೆಸರುಗಳಿರುತ್ತಿದ್ದವು. ಈಗಿರುವ ಹೆಸರುಗಳು ಅವಳಿಗೆ ಅಷ್ಟೇನೂ ಹಿಡಿಸಿರಲಿಲ್ಲ!

ಅವಳು ನಮ್ಮಪ್ಪನ ತಂಗಿ. ಶಿಕಾರಿಪುರದ ನಮ್ಮ ಮನೆಯಲ್ಲಿ ಹುಟ್ಟಿ ಸೊರಬಕ್ಕೆ ಸೊಸೆಯಾಗಿ ಹೋದವಳು. ಮಗುವಿಗೆ ಹೆಸರಿಡುವ ಹಕ್ಕು ನಮ್ಮಲ್ಲಿ ಸೋದರತ್ತೆಯದು. ತೊಟ್ಟಿಲಿಗೆ ಬಾಗಿ ಮಗುವಿನ ಕಿವಿಯಲ್ಲಿ ಹೆಸರು ಹೇಳುವವಳೂ ಅವಳೇ, ಹೇಳುವಾಗ ಸುತ್ತ ನಿಂತ ಹೆಂಗಸರಿಂದ ಬೆನ್ನಿಗೆ ಗುದ್ದು ತಿನ್ನುವವಳೂ ಅವಳೇ. ಬೇರೆ ಮನೆಗಳ ಅತ್ತೆಯರು ಬಾಯಿಗೆ ಬಂದ ಹೆಸರು ಹೇಳಿ, ಗುದ್ದು ತಿಂದು, ಸೀರೆ ಉಡಿಸಿಕೊಂಡು ಬಸ್ಸು ಹತ್ತುತ್ತಿದ್ದರು. ನಮ್ಮತ್ತೆ ಹಾಗೆ ಮಾಡುವವಳೇ?

"ಬಡಿದು ನೋಡದೆ ಗಡಿಗೆ ಕೊಳ್ಳಬಾರದು, ಕೂಗಿ ನೋಡದೆ ಹೆಸರಿಡಬಾರದು" ಎಂಬುದು ಅವಳ ಕಾಯಿದೆ. ನಾನು ಹುಟ್ಟಿದಾಗ ಅವಳು ಮೊದಲು ಆರಿಸಿದ್ದು 'ಶಾಂತಾ' ಎಂಬ ಹೆಸರು. ಆರಿಸಿದವಳು ನೇರವಾಗಿ ಶಿರಾಳಕೊಪ್ಪದ ಸಂತೆಗೆ ಹೋಗಿ, ಮೆಣಸಿನಕಾಯಿ ರಾಶಿಗಳ ನಡುವೆ ನಿಂತು "ಶಾಂತಾ!" ಎಂದು ಕೂಗಿದಳಂತೆ. ನಾಲ್ಕಾರು ಹೆಂಗಸರು ತಿರುಗಿದರು. ಒಬ್ಬಾಕೆಯಂತೂ "ಬಂದೆ ತಡಿಯೇ, ಚೌಕಾಸಿ ಮಾಡಾಕೆ ಹತ್ತೀನಿ" ಎಂದು ಗದರಿಯೂ ಬಿಟ್ಟಳು. "ಒಬ್ಬಳನ್ನ ಕರೆದ್ರೆ ಸಂತೆಯೇ ತಿರುಗೋದು ಎಂತಾ ಹೆಸರು?" ಎಂದು ಅತ್ತೆ ಅದನ್ನು ನಪಾಸು ಮಾಡಿದಳು. ನಾನು ಬಹಳ ದಿನ ಬರೀ ಪಾಪು ಆಗಿಯೇ ಉಳಿದೆ. ಕೊನೆಗೆ ಸಿಕ್ಕ ಹೆಸರು ಎಂಥ ಅಪರೂಪದ್ದೆಂದರೆ, ಶಾಲೆಯಲ್ಲಿ ಹಾಜರಿ ಕೂಗುವಾಗ ನನ್ನ ಸರದಿ ಬಂದರೆ ಮೇಷ್ಟರು ಒಮ್ಮೆ ಕೆಮ್ಮಿ ಗಂಟಲು ಸರಿಮಾಡಿಕೊಳ್ಳುತ್ತಿದ್ದರು. ಆ ಹೆಸರಿನ ಇನ್ನೊಬ್ಬರು ನನಗೆ ಇವತ್ತಿನವರೆಗೂ ಸಿಕ್ಕಿಲ್ಲ. ಅತ್ತೆಯ ಬಗ್ಗೆ ನನಗಿರುವ ಹೆಮ್ಮೆಗೆ ಅದೊಂದೇ ಸಾಕು.

ಆಣೆ ಹೋಗಿ ನಯಾಪೈಸೆ ಬಂದ ಹೊಸತು. ಬಳ್ಳಿಗಾವಿಯ ಕಡೆ ಕುರಿ ಮೇಯಿಸುವವನೊಬ್ಬ ಅಪ್ಪನ ದಿನಸಿ ಅಂಗಡಿಗೆ ಬಂದಾಗ ನನ್ನ ಕೈಗೊಂದು ನಾಯಿಮರಿ ಕೊಟ್ಟು ಹೋದ. ಕಂದು ಬಣ್ಣದ ಹೆಣ್ಣುಮರಿ. ಅದರ ಆಟವೋ ಆಟ! ಗಿರಾಕಿಗಳು ಬಿಟ್ಟ ಚಪ್ಪಲಿಗಳಲ್ಲಿ ಒಂದನ್ನು ಕಚ್ಚಿಕೊಂಡು ಓಡುವುದೇ ಅದರ ಉದ್ಯೋಗ. ಒಂದನ್ನೇ! ಜೋಡಿ ಒಯ್ಯುವುದು ಅದಕ್ಕೆ ಅವಮಾನ. ಬೆಲ್ಲಕ್ಕೆಂದು ಬಂದ ದೊಡ್ಡ ದೊಡ್ಡ ಮನುಷ್ಯರೆಲ್ಲ ಒಂದೇ ಚಪ್ಪಲಿ ಮೆಟ್ಟಿಕೊಂಡು ಮನೆಗೆ ಹೋಗುವಂತಾಯಿತು.

ಅಪ್ಪ ತೀರ್ಮಾನ ಹೇಳಿಬಿಟ್ಟರು. "ಹೆಸರಿಟ್ಟ ಮ್ಯಾಲೆ ಅದು ಮನೀದು, ಕಳ್ಸಾಕೆ ಬರಂಗಿಲ್ಲ. ಇನ್ನೂ ಇಟ್ಟಿಲ್ಲಲ್ಲ. ಸೋಮವಾರ ಅವ ಬರ್ತಾನೆ, ವಾಪಸ್ ಕೊಟ್ಟುಬಿಡಾಣ."

ನಾನು ಅಳುತ್ತಾ ಬಸ್‌ಸ್ಟ್ಯಾಂಡಿಗೆ ಓಡಿ, ಸೊರಬದ ಬಸ್ಸಿನ ಕಂಡಕ್ಟರ ಹತ್ತಿರ ಅತ್ತೆಗೆ ಹೇಳಿ ಕಳಿಸಿದೆ. ಹೆಸರಿಡುವ ಕೆಲಸ ಅಂದರೆ ಅವಳು ತಡೆಯುತ್ತಾಳೆಯೇ? ಮರುದಿನವೇ ಬಂದಿಳಿದಳು. "ನಾಯಿಯಾದ್ರೇನು, ಹೆಣ್ಣುಕೂಸು. ಸೋದರತ್ತೆ ನಾನಿದ್ದೀನಿ" ಅಂದಳು.

ಜಗಲಿಯ ಮೇಲೆ ನಿಂತು ಪರೀಕ್ಷೆ ಶುರುವಾಯಿತು. "ಗಂಗೀ!" ಎಂದು ಕೂಗಿದರೆ ಎದುರುಮನೆಯ ಗಂಗವ್ವ ರೊಟ್ಟಿಹಿಟ್ಟಿನ ಕೈಯಲ್ಲೇ ಓಡಿ ಬಂದು "ಕರೆದ್ರೇನ್ರೀ?" ಅಂದಳು. ನಾಯಿಯನ್ನು ಕರೆದೆವೆಂದು ಹೇಳುವುದು ಹೇಗೆ? ಅವಳನ್ನು ಕೂರಿಸಿ ಕಾಫಿ ಕೊಟ್ಟು, ಅವಳ ಮಂಡಿನೋವಿನ ಕಥೆಯನ್ನೆಲ್ಲ ಕೇಳಬೇಕಾಯಿತು.

"ನಯಾಪೈಸೆ ಅಂತ ಇಡ್ರಿ" ಎಂದಳು ಅಮ್ಮ ಒಳಗಿನಿಂದ. "ಅದೂ ಹೊಸದು, ಸಣ್ಣದು, ಕೈಯಾಗೆ ನಿಲ್ಲಂಗಿಲ್ಲ."

"ಬ್ಯಾಡ ಮಾರಾಯ್ತಿ, ಕೂಗಿದ್ರೆ ಬೀದಿಯೋರೆಲ್ಲ ಜೇಬು ಮುಟ್ಟಿ ನೋಡ್ಕೋತಾರೆ!" ಅಂದಳು ಅತ್ತೆ.

ರಾಣಿ ಎಂದು ಕರೆದಾಗ ಜಟಕಾದ ಕುದುರೆ ನಿಂತಿತು. ಚಂದ್ರಿ ಎಂದು ಕರೆದಾಗ ಹಿಂದಿನ ಬೀದಿಯಿಂದ ಒಂದು ಎಮ್ಮೆ ಓಗೊಟ್ಟಿತು. ಊರೆಲ್ಲ ತಿರುಗಿತು, ನಾಯಿಮರಿ ಮಾತ್ರ ಯಾವ ಹೆಸರಿಗೂ ತಿರುಗಲಿಲ್ಲ.

ಸೋಮವಾರ ಬಂದೇ ಬಂತು. ಕಂಬಳಿ ಹೊದ್ದ ಕುರಿಯವನು ಹಗ್ಗ ಹಿಡಿದು ಜಗಲಿಯಲ್ಲಿ ಕೂತ. ಮರಿ ಅವನ ಚಪ್ಪಲಿಯನ್ನೇ ಕಚ್ಚಿಕೊಂಡು ಬೀದಿಯ ತುದಿಗೆ ಓಡಿತು. ನಾನು ಕಂಬ ತಬ್ಬಿಕೊಂಡು ಅಳುತ್ತಿದ್ದೆ. ಅತ್ತೆ ಜಗಲಿಯ ಅಂಚಿಗೆ ಬಂದು ನಿಂತಳು. ಆಮೇಲೆ, ನಾನು ಹಿಂದೆಂದೂ ಕೇಳಿರದ ಒಂದು ಉದ್ದನೆಯ ರಾಗದಲ್ಲಿ ಕರೆದಳು.

"ಹೊನ್ನೀ... ಬಾರೇ ಮನಿಗೆ, ಹೊತ್ತಾತು!"

ಮರಿ ನಿಂತಿತು. ಹೆಸರಿಗೋ, ರಾಗಕ್ಕೋ, ತಿರುಗಿ ಕಿವಿ ನಿಮಿರಿಸಿ, ಚಪ್ಪಲಿ ಸಮೇತ ಓಡಿ ಬಂತು. ಬೀದಿಯಲ್ಲಿ ಇನ್ಯಾರೂ ತಿರುಗಲಿಲ್ಲ. ಅಂಗಡಿಯೊಳಗೆ ಅಪ್ಪ ಮಾತ್ರ ತಕ್ಕಡಿ ಹಿಡಿದ ಕೈ ಹಾಗೇ ನಿಲ್ಲಿಸಿ ತಿರುಗಿ ನೋಡಿದರು.

"ಅದು ನಿನ್ನ ಹೆಸರಲ್ಲೇನೇ? ನಾಯಿಗಿಡ್ತೀಯಾ?"

ಅತ್ತೆಗೂ ಒಂದು ಹೆಸರಿದೆಯೆಂದು ನನಗೆ ಗೊತ್ತಾದದ್ದೇ ಆಗ! ಅವಳ ಗಂಡನ ತಾಯಿಯ ಹೆಸರೂ ಹೊನ್ನಮ್ಮ ಅಂತೆ. ಹಿರಿಯರ ಹೆಸರು ಹಿಡಿದು ಸೊಸೆಯನ್ನು ಕರೆಯುವಂತಿಲ್ಲ ಎಂದು ಮದುವೆಯಲ್ಲಿ ಬೇರೆ ಹೆಸರಿಟ್ಟರು. ಅದನ್ನು ಯಾರೂ ಬಳಸಲಿಲ್ಲ. ಅಲ್ಲಿ ಅವಳು 'ಶಿಕಾರಿಪುರದೋಳು', ಇಲ್ಲಿ 'ಸೊರಬದತ್ತೆ'. ಬೀಗರಿಗೆ ಬೇಸರವಾದೀತೆಂದು ಅಪ್ಪ ಕೂಡ ತಂಗಿಯ ಹೆಸರೆತ್ತುವುದನ್ನು ಬಿಟ್ಟಿದ್ದರು. ನಮಗೆಲ್ಲ ಹೆಸರು ಕೊಟ್ಟವಳನ್ನು ಹೆಸರು ಹಿಡಿದು ಕರೆಯುವವರು ಎರಡು ಊರಿನಲ್ಲೂ ಇರಲಿಲ್ಲ.

"ಇಟ್ರೆ ಎಂತಾ ಆತು ಅಣ್ಣ?" ಅಂದಳು ಅತ್ತೆ, ಮರಿಯ ಬಾಯಿಂದ ಚಪ್ಪಲಿ ಬಿಡಿಸುತ್ತಾ. "ಸಂಜಿ ಆದ್ರೆ ಅವ್ವ ಹಿಂಗೇ ಕರೀತಿದ್ಲು. ಅವ್ವ ಹೋದ ಮ್ಯಾಲೆ ಸುಮ್ನೆ ಬಿದ್ದೈತೆ. ಈ ಮನೆಯಾಗೆ ಯಾರಾದ್ರೂ ದಿನಾ ಕೂಗ್ಲಿ ಬಿಡು."

ಅಪ್ಪ ತಕ್ಕಡಿ ಕೆಳಗಿಟ್ಟರು. ಕುರಿಯವನ ಕಡೆ ತಿರುಗಿ, "ಹಗ್ಗ ಒಳಗಿಡಪ್ಪ. ಹೆಸರಿಟ್ಟಾತು" ಅಂದರು.

ಅತ್ತೆ ಮರಿಯನ್ನು ಮೊರದಲ್ಲಿ ಕೂರಿಸಿ ಅದರ ಕಿವಿಯಲ್ಲಿ ಶಾಸ್ತ್ರೋಕ್ತವಾಗಿ ಹೆಸರು ಹೇಳಿದಳು. ಅಮ್ಮ ಬೆನ್ನಿಗೆ ಗುದ್ದಿದಳು. ಮರಿ ಅತ್ತೆಯ ಓಲೆಯನ್ನೇ ನೆಕ್ಕಿತು.

ದೀಪಾವಳಿಗೆ ಅತ್ತೆ ಮತ್ತೆ ಬಂದಳು. ಯಾರು ಬಂದರೂ ಅಂಗಡಿ ಬಿಟ್ಟು ಏಳದ ಅಪ್ಪ ಅವತ್ತು ತಾವೇ ಬಸ್‌ಸ್ಟ್ಯಾಂಡಿಗೆ ಹೊರಟರು. ನಾನೂ ಹೊನ್ನಿಯೂ ಹಿಂದೆಯೇ ಹೋದೆವು. ಹಬ್ಬದ ಜನ. ಅತ್ತೆ ಬಸ್ಸಿಳಿದು, ಗಂಟು ಹೊತ್ತು, ನಮ್ಮನ್ನು ಕಾಣದೆ ಆಚೆ ನಡೆಯತೊಡಗಿದಳು. ಅಪ್ಪ ಬೀಗರನ್ನೂ ಊರನ್ನೂ ಮರೆತು ಗಟ್ಟಿಯಾಗಿ ಕೂಗಿದರು.

"ಹೊನ್ನೀ!"

ಕಾಲಬುಡದಲ್ಲಿದ್ದ ಹೊನ್ನಿ ಚಂಗನೆ ಎದ್ದು ತಿರುಗಿತು. ಜನರ ನಡುವೆ ಅತ್ತೆ ತಿರುಗಿದಳು. ಕೂಗಿದ್ದು ಒಂದು ಹೆಸರು, ತಿರುಗಿದ್ದು ಇಬ್ಬರು. ಅವಳ ಕಾಯಿದೆಯ ಪ್ರಕಾರ ಆ ಹೆಸರು ಅಲ್ಲೇ ನಪಾಸಾಗಬೇಕಿತ್ತು. ಅತ್ತೆ ಗಂಟು ಕೆಳಗಿಟ್ಟಳು, ಸೆರಗಿನಿಂದ ಕಣ್ಣೊರೆಸಿಕೊಂಡಳು, ಸಣ್ಣ ಹುಡುಗಿಯ ದನಿಯಲ್ಲಿ ಓಗೊಟ್ಟಳು.

"ಓ... ಬಂದೆ ಅಣ್ಣಾ!"