ದರ್ಜಿಯ ಎಡಗೈ ಪಾಠ

ದರ್ಜಿಯ ಆರು ವರ್ಷದ ಮಗಳು ಎಡಗೈಯಲ್ಲಿ ಚಮಚ ಹಿಡಿದದ್ದೇ ತಡ, ಊರಿಂದ ಬಂದಿದ್ದ ಅವನ ಅತ್ತೆ ಮುಖ ಗಂಟು ಹಾಕಿಕೊಂಡರು.

"ನಾಳೆ ಇವಳನ್ನ ನನ್ನ ಜೊತೆ ಕರ್ಕೊಂಡು ಹೋಗ್ತೀನಿ. ಬಲಗೈ ರೂಢಿಯಾದ ಮೇಲೇ ವಾಪಸ್ಸು. ಎಡಗೈಲಿ ಒಂದು ಕತ್ತರಿ ಆಡಿಸೋಕಾಗುತ್ತಾ ಇವಳಿಗೆ?"

ಮಗಳಿಲ್ಲದ ಮನೆ ನೆನೆದೇ ದರ್ಜಿಯ ಎದೆ ಧಸಕ್ಕೆಂದಿತು. "ಯಾಕಾಗಲ್ಲ? ಸಂಜೆಯೊಳಗೆ ಎಡಗೈಲೇ ಬಟ್ಟೆ ಕತ್ತರಿಸ್ತಾಳೆ, ನೋಡ್ತಿರಿ!" ಎಂದು ಪಂಥ ಕಟ್ಟಿಬಿಟ್ಟ.

ಕಲಿಸುವವನಿಗೆ ಮೊದಲು ಬರಬೇಕಲ್ಲ! ಅಂಗಡಿಯಲ್ಲಿ ಮಗಳನ್ನು ಎಂದಿನಂತೆ ಮೇಜಿನಾಚೆ ಎದುರಿಗೆ ಕೂರಿಸಿ, ತಾನೇ ಎಡಗೈಯಲ್ಲಿ ಕತ್ತರಿ ಹಿಡಿದ. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಅನ್ನುವಂತೆ ಅಲಗುಗಳು ಒಂದೊಂದು ದಿಕ್ಕಿಗೆ ಹೋದವು. ಬಟ್ಟೆ ನಡುವೆ ಮಡಚಿಕೊಂಡು ಕೂತಿತು.

ಗಿರಾಕಿಯ ಅರ್ಧ ಗಡ್ಡ ಹಾಗೇ ಬಿಟ್ಟು ಪಕ್ಕದಂಗಡಿಯ ಕ್ಷೌರಿಕ ಓಡಿಬಂದ. "ಹೆಬ್ಬೆರಳು ಒಳಗೆ ಎಳೀರಿ! ಅಲ್ಲಲ್ಲ, ಹೊರಗೆ ತಳ್ಳಿ!"

ಎಳೆದು ತಳ್ಳಿ, ಮಧ್ಯಾಹ್ನದ ಹೊತ್ತಿಗೆ ದರ್ಜಿಗೆ ಯಾವ ಕೈ ಯಾವುದೆಂಬುದೇ ಮರೆತುಹೋಯಿತು. ವಕೀಲರ ಕೋಟಿಗೆ ಎರಡೂ ಎಡತೋಳೇ ಕತ್ತರಿಸಿಟ್ಟ. ಮಗಳು ಮಾತ್ರ ಕಣ್ಣು ಮಿಟುಕಿಸದೆ ನೋಡುತ್ತಿದ್ದಳು. ಕೊನೆಗೂ ದರ್ಜಿಯ ಎಡಗೈ ಪಳಗಿತು.

ಸಂಜೆ ಅತ್ತೆ ಬಂದರು. ಮಗಳು ಕತ್ತರಿ ಎತ್ತಿಕೊಂಡು ಸರ್ರನೆ ನೇರವಾಗಿ ಕತ್ತರಿಸಿಬಿಟ್ಟಳು. ಹೆಮ್ಮೆಯಿಂದ ದರ್ಜಿಯ ಕಣ್ಣು ತುಂಬಿತು.

"ಬಲಗೈ!" ಎಂದು ಅತ್ತೆ ಕೂಗಿದರು.

ದರ್ಜಿ ಮಗಳ ಕೈ ನೋಡಿದ, ತನ್ನ ಕೈ ನೋಡಿಕೊಂಡ. ಏನೂ ತಿಳಿಯಲಿಲ್ಲ. "ಆ ಕೈ ಯಾಕಮ್ಮಾ?"

"ನೀನು ಈ ಕಡೆ ಕೈಲಿ ತಾನೇ ಮಾಡಿದ್ದು? ನಾನು ಯಾವಾಗ್ಲೂ ನಿನ್ನ ನೋಡೇ ಮಾಡೋದು."

ಕ್ಷೌರಿಕ ಹಣೆ ಚಚ್ಚಿಕೊಂಡ. "ಇದು ಕನ್ನಡಿ ಲೆಕ್ಕ ಕಣ್ರೀ! ಇಷ್ಟು ದಿನ ಎದುರಿಗೆ ಕೂತು ನಿಮ್ಮ ಬಲಗೈ ನೋಡಿ ಎಡಗೈ ಎತ್ತಿದ್ಲು. ಮಗು ಎಡಚಿನೇ ಅಲ್ಲ!"

"ಹಾಗಾದ್ರೆ ಕರ್ಕೊಂಡು ಹೋಗಲ್ಲ," ಎಂದರು ಅತ್ತೆ. ದರ್ಜಿಗೆ ಹೋದ ಜೀವ ಬಂದಂತಾಯಿತು. "ಇನ್ಮೇಲೆ ನೀವು ಎಡಗೈಲೇ ಕೆಲಸ ಮಾಡಿ, ಅಳಿಯಂದ್ರೇ. ಅವಳಿಗೆ ಬಲಗೈ ತಾನಾಗೇ ರೂಢಿಯಾಗುತ್ತೆ."

"ಅಯ್ಯೋ, ಅದ್ಯಾಕತ್ತೆ? ಅವಳನ್ನ ನನ್ನ ಪಕ್ಕ ಕೂರಿಸ್ಕೊಂಡ್ರೆ ಆಯ್ತಲ್ಲ!"

"ಪಕ್ಕದಲ್ಲಿ ನಾನು ಕೂತ್ಕೋತೀನಿ. ನೀವು ಕೈ ಬದಲಾಯಿಸದ ಹಾಗೆ ನೋಡ್ಕೊಳ್ಳೋರು ಬೇಡ್ವಾ?" ಎನ್ನುತ್ತಾ ಅತ್ತೆ, ನಾಳೆಯ ಪ್ರಯಾಣಕ್ಕೆ ಕಟ್ಟಿದ್ದ ಚೀಲ ಬಿಚ್ಚಲು ಮನೆಯ ಕಡೆ ನಡೆದರು.