ಮೋತ್ಯಾನ ಹೊಟ್ಟೆ, ಪಿಂಕಿಯ ಹೊಟ್ಟೆ

“ನಾಗರತ್ನಾ ವಾಪಸ್ ಬರೂದ್ರಾಗ ಈ ನಾಯಿನ್ನ ಖರೇ ನಾಯಿ ಮಾಡೇ ಬಿಡ್ತೇನಿ!”

ಅಫಜಲಪುರದ ತಮ್ಮ ಮನೆಯ ಪಡಸಾಲೆಯಲ್ಲಿ ನಿಂತು ದೇವಿಂದ್ರಪ್ಪನವರು ಘೋಷಿಸಿದರು. ಬಸ್ ಕಂಡಕ್ಟರ್ ಕೆಲಸದಿಂದ ನಿವೃತ್ತರಾಗಿದ್ದರೂ ಅವರ ಗಂಟಲಿಗೆ ಮಾತ್ರ ಇನ್ನೂ ನಿವೃತ್ತಿ ಸಿಕ್ಕಿರಲಿಲ್ಲ!

ನಾಯಿಯ ಹೆಸರು ಪಿಂಕಿ. ಹತ್ತಿ ಉಂಡೆಯಂಥ ಬಿಳಿ ನಾಯಿ. ಜೇವರ್ಗಿಯಲ್ಲಿರುವ ಮಗಳು ನಾಗರತ್ನಾ ಪ್ರವಾಸಕ್ಕೆ ಹೋಗುವಾಗ ಬಿಟ್ಟುಹೋಗಿದ್ದಳು. “ಅಪ್ಪಾ, ಚಾಕಲೇಟ್ ಬ್ಯಾಡ, ದ್ರಾಕ್ಷಿ ಬ್ಯಾಡ, ಉಳ್ಳಾಗಡ್ಡಿ ಅಂತೂ ಬ್ಯಾಡೇ ಬ್ಯಾಡ. ಅದಕ್ಕ ವಿಷ ಆಗ್ತಾವ” ಎಂದು ಬೆರಳು ಮಡಚಿ ಹೇಳಿದ್ದಳು.

“ವಿಷಾ? ನಮ್ಮ ಮೋತ್ಯಾ ಏನೇನ್ ತಿಂತಿದ್ದ ಗೊತ್ತದ ಏನ್?”

ಮೋತ್ಯಾ ಎಂದರೆ ಹುಟ್ಟೂರು ಮಟಕಿಯಲ್ಲಿದ್ದ ಅವರ ಬಾಲ್ಯದ ನಾಯಿ. ಹೊಲಕ್ಕೆ ಹೊರಟ ಬಂಡಿಯ ನೆರಳಲ್ಲೇ ಓಡುವುದು, ಅವ್ವ ಬುತ್ತಿ ಬಿಚ್ಚಿದರೆ ಮೊದಲ ರೊಟ್ಟಿಯ ತುಂಡಿಗೆ ಕಾಯುವುದು, ರಾತ್ರಿ ಕಣದ ಜೋಳದ ರಾಶಿಗೆ ಬೆನ್ನು ಹಚ್ಚಿ ಮಲಗುವುದು. ಆ ಬೆಚ್ಚನೆಯ ಬೆನ್ನಿನ ನೆನಪಾದರೆ ದೇವಿಂದ್ರಪ್ಪನವರ ದನಿ ಈಗಲೂ ಮೆತ್ತಗಾಗುತ್ತಿತ್ತು.

“ಮದುವಿ ಆದಾಗಿಂದ ಮೋತ್ಯಾನ ಪುರಾಣ ಕೇಳಾಕತ್ತೇನಿ. ನಮ್ಮ ಮಾವನೋರ ಸುದ್ದೀನೂ ನೀವು ಇಷ್ಟು ಹೇಳಿಲ್ಲ!” ಎಂದು ಹೆಂಡತಿ ಶಿವಕಾಂತಾ ತೊಟ್ಟಿಲ ಕಾರ್ಯಕ್ಕೆ ಚೌಡಾಪುರದ ಬಸ್ಸು ಹತ್ತಿದಳು.

ಮನೆ ಖಾಲಿ! ತರಬೇತಿ ಶುರು! ಪಿಂಕಿಗೆ ಭಜಿ ಬಂತು, ದ್ರಾಕ್ಷಿ ಬಂತು. ಕಡೆಗೆ ಅಳಿಯ ತಂದಿದ್ದ ಕಪ್ಪು ಚಾಕಲೇಟಿನ ದೊಡ್ಡ ಪಟ್ಟಿಯಿಂದ ಒಂದು ತುಣುಕು. “ತಿನ್ನಲೇ, ನಿಮ್ಮ ಮೋತ್ಯಾ ಅಜ್ಜ ಆಗಿದ್ರ ಕಾಗದಾ ಸುದ್ದಾ ಬಿಡ್ತಿದ್ದಿಲ್ಲ!” ಎಂದು ಉಪದೇಶಿಸಿ, ಪಟ್ಟಿಯನ್ನು ತಲೆದಿಂಬಿನ ಪಕ್ಕದಲ್ಲಿಟ್ಟುಕೊಂಡು ನಿದ್ದೆ ಹೋದರು.

ಪಿಂಕಿ ವಿಧೇಯ ಶಿಷ್ಯೆ. ಕಾಗದವನ್ನೂ ಬಿಡಲಿಲ್ಲ!

ಅವರು ಎದ್ದಾಗ ನಾಯಿ ತೇಕುತ್ತಾ ಮನೆ ತುಂಬ ಗಿರಗಿರ ತಿರುಗುತ್ತಿತ್ತು. ಎತ್ತಿಕೊಂಡರೆ ಎದೆ ಡೊಳ್ಳಿನಂತೆ ಬಡಿಯುತ್ತಿತ್ತು. ಟವೆಲಿನಲ್ಲಿ ಸುತ್ತಿಕೊಂಡು ಹೊರಗೋಡುವಾಗ ಬಾಗಿಲಲ್ಲೇ ಶಿವಕಾಂತಾ ಆಟೊ ಇಳಿಯುತ್ತಿದ್ದಳು.

“ಎಲ್ಲಿಗಿ?”

“ವಾಕಿಂಗಿಗೆ!”

“ಟವೆಲಿನ್ಯಾಗ?”

ಅದೇ ಆಟೊ ದಂಪತಿಯನ್ನು ಪಶು ಆಸ್ಪತ್ರೆಗೆ ಒಯ್ದಿತು. “ಚಾಕಲೇಟ್ ಎಷ್ಟು ತಿಂದದ್ರಿ?” ಎಂದರು ಡಾಕ್ಟರ್ ನಿಶಾತ.

“ಸಣ್ಣ ತುಣುಕ್ರಿ ಮೇಡಂ...”

“ಖರೇ ಹೇಳ್ರಿ. ಜೀವದ ಪ್ರಶ್ನೆ ಅದ.”

ನಡುಗುತ್ತಿದ್ದ ಪಿಂಕಿ ಅವರ ಅಂಗಿಯೊಳಗೆ ಮೂತಿ ತೂರಿಸಿತು. ದೇವಿಂದ್ರಪ್ಪನವರು ಅದನ್ನು ಎದೆಗವಚಿಕೊಂಡರು. “ಇಡೀ ಪಟ್ಟಿ ರೀ. ಹೆಂಗರ ಮಾಡಿ ಉಳಸ್ರಿ.”

ಸೂಜಿ ಚುಚ್ಚಿದ್ದೇ ತಡ, ಪಿಂಕಿ ಎಲ್ಲವನ್ನೂ ಕಕ್ಕಿತು. ಶಿವಕಾಂತಾ ಬಗ್ಗಿ, ಟಿಕೆಟ್ ತಪಾಸಣೆಗೆ ಬಂದ ಅಧಿಕಾರಿಯಂತೆ ಒಂದೊಂದನ್ನೇ ಪರಿಶೀಲಿಸಿದಳು. “ಇದು ಚಾಕಲೇಟ್. ಇದು ದ್ರಾಕ್ಷಿ. ಇದೇನ್ರಿ? ಅಯ್ಯ, ನಾ ಮುಚ್ಚಿಟ್ಟ ಉಳ್ಳಾಗಡ್ಡಿ ಭಜಿ!”

“ನಮ್ಮ ಮೋತ್ಯಾಗ ಏನೂ ಆಗ್ತಿದ್ದಿಲ್ರಿ...” ಎಂದು ಅವರು ಗೊಣಗಿದರು.

“ಎಷ್ಟು ವರ್ಷ ಬದುಕಿತ್ರಿ ಅದು?” ಎಂದು ಡಾಕ್ಟರ್ ಕೇಳಿದರು.

ದೇವಿಂದ್ರಪ್ಪನವರು ಬೆರಳು ಮಡಚಿ ಎಣಿಸತೊಡಗಿದರು. ಮೋತ್ಯಾ ಮುದಿಯಾಗಿದ್ದು ಅವರಿಗೆ ನೆನಪೇ ಇಲ್ಲ. ಒಂದು ಹಬ್ಬದ ಮರುದಿನ ಕೊಟ್ಟಿಗೆಯಲ್ಲಿ ಸೆಟೆದು ಮಲಗಿತ್ತು. “ನದರ ತಾಗ್ಯದ, ಯಾರದೋ ಕೆಟ್ಟ ಕಣ್ಣು” ಎಂದು ಅವ್ವ ಕಣ್ಣೊರೆಸಿಕೊಂಡಿದ್ದಳು. ಹಿಂದಿನ ದಿನ ಅದು ಏನು ತಿಂದಿತ್ತೆಂದು ಯಾರೂ ಕೇಳಿರಲಿಲ್ಲ.

ಸಂಜೆ ಸಲೈನ್ ಮುಗಿಯುವ ಹೊತ್ತಿಗೆ ಪಿಂಕಿಯ ಬಾಲ ಮೆಲ್ಲಗೆ ಅಲ್ಲಾಡಿತು. ಅಷ್ಟು ಹೊತ್ತೂ ಅದರ ತಲೆ ಸವರುತ್ತಾ ಕೂತಿದ್ದ ಗಂಡನ ಕೈಗೆ ಶಿವಕಾಂತಾ ಚಹಾದ ಲೋಟ ಇಟ್ಟಳು.

ಮರುದಿನ ಅವಳು ಪಿಂಕಿಯನ್ನು ಎತ್ತಿಕೊಂಡು ಡಾಕ್ಟರಿಗೆ ತೋರಿಸಲು ಹೊರಟವಳು ಪಕ್ಕದ ಮನೆಯ ಹೀರಾಬಾಯಿಯನ್ನು ಕೂಗಿದಳು. “ಅಕ್ಕಾ, ನಾ ಬರೂ ತನಕಾ ಸ್ವಲ್ಪ ನೋಡ್ಕೋರಿ.”

“ನಾಯಿ ನಿಮ್ಮ ಕಂಕುಳದಾಗೇ ಅದಲ್ರಿ?”

“ನಾಯಿ ಅಲ್ರಿ, ನಮ್ಮ ಮನಿಯವರನ್ನ!”